ಗುಲಾಮಗಿರಿ ರದ್ದಾದಾಗ ಪರಿಹಾರ ಸಿಕ್ಕಿದ್ದು ಯಾರಿಗೆ?

ಹಾಸನದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಆಫ್ರಿಕನ್ನರ ಗುಲಾಮಗಿರಿಯ ಬಗ್ಗೆ ನಾವು ಸಾಮಾನ್ಯವಾಗಿ ಹೇಳಿಕೊಡುವುದು ಎರಡು ಮಾತು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು, 1833ರಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡಿತು. ಇದರ ರೂವಾರಿ ಬ್ರಿಟಿಷ್ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್. ಈ ವರ್ಷ ಪಾಠದ ನಡುವೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಬಿಡುಗಡೆಯಾದವರಿಗೆ ಸರ್ಕಾರ ಏನು ಕೊಟ್ಟಿತು ಸರ್?" ಎಂದು ಕೇಳಿದಳು. ಹುಡುಕಿ ನೋಡಿದಾಗ ತಿಳಿದದ್ದು ಇಷ್ಟು: ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಆದರೆ ಅದು ಪೂರ್ತಿಯಾಗಿ ಮಾಲೀಕರ ಕೈಸೇರಿತು. ಬಿಡುಗಡೆಯಾದ ಸುಮಾರು ಎಂಟು ಲಕ್ಷ ಜನರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಇದನ್ನು ಯಾವ ನ್ಯಾಯದ ಆಧಾರದ ಮೇಲೆ ಸಮರ್ಥಿಸಿಕೊಂಡರು? ಆ ಕಾಯ್ದೆಯಾದರೂ ಬಂದದ್ದು ಕರುಣೆಯಿಂದಲೋ, ಲಾಭನಷ್ಟದ ಲೆಕ್ಕದಿಂದಲೋ, ದಂಗೆಗಳ ಭಯದಿಂದಲೋ? ಬಲ್ಲವರು ತಿಳಿಸಬೇಕು.

ಕಾನೂನು ವಿದ್ಯಾರ್ಥಿನಿ:
ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಮುಖ್ಯವಾದುದನ್ನೇ ಕೇಳಿದ್ದಾಳೆ. ವಸಾಹತುಗಳ ಕಾನೂನಿನ ಪ್ರಕಾರ ಗುಲಾಮ ಎಂದರೆ ಸೊತ್ತು, ಸರ್ಕಾರ ಸೊತ್ತನ್ನು ಕಸಿದುಕೊಂಡರೆ ಒಡೆಯನಿಗೆ ಪರಿಹಾರ ಸಲ್ಲಬೇಕು ಎಂಬುದೇ ಪಾರ್ಲಿಮೆಂಟಿನ ವಾದವಾಗಿತ್ತು.

ಮನುಷ್ಯರನ್ನು ಸೊತ್ತೆಂದು ಕಾಣುವುದು ಎಲ್ಲಿಯವರೆಗೆ ಹೋಗಿತ್ತು ಎಂಬುದು ‘ಜಾಂಗ್’ ಹಡಗಿನ ಪ್ರಕರಣದಲ್ಲಿ ಕಾಣುತ್ತದೆ. 1781ರಲ್ಲಿ 440ಕ್ಕೂ ಹೆಚ್ಚು ಆಫ್ರಿಕನ್ನರನ್ನು ತುಂಬಿಕೊಂಡು ಜಮೈಕಾಕ್ಕೆ ಹೊರಟ ಈ ಹಡಗು ದಾರಿ ತಪ್ಪಿತು. ಕುಡಿಯುವ ನೀರು ಸಾಲದು ಎಂಬ ನೆಪ ಹೇಳಿ ಹಡಗಿನವರು 130ಕ್ಕೂ ಹೆಚ್ಚು ಮಂದಿಯನ್ನು ತಂಡತಂಡವಾಗಿ ಜೀವಂತ ಸಮುದ್ರಕ್ಕೆ ತಳ್ಳಿದರು. ರೋಗದಿಂದ ಸತ್ತ ಗುಲಾಮನಿಗೆ ವಿಮೆ ಇರಲಿಲ್ಲ. ಹಡಗನ್ನು ಉಳಿಸಲೆಂದು ಎಸೆದ ‘ಸರಕಿಗೆ’ ವಿಮೆ ಇತ್ತು. ತಲೆಗೆ 30 ಪೌಂಡಿನಂತೆ ಹಣ ಕೊಡಬೇಕೆಂದು ಹಡಗಿನ ಮಾಲೀಕರು ದಾವೆ ಹೂಡಿದಾಗ ಜ್ಯೂರಿ ಅವರ ಪರವಾಗಿಯೇ ತೀರ್ಪು ಕೊಟ್ಟಿತು. 1783ರಲ್ಲಿ ವಿಮೆದಾರರು ಮರುವಿಚಾರಣೆ ಕೇಳಿದಾಗ, ಕೊನೆಯ ತಂಡವನ್ನು ತಳ್ಳುವ ಮೊದಲೇ ಮಳೆ ಬಂದು ನೀರು ಸಿಕ್ಕಿತ್ತು ಎಂಬ ಸಾಕ್ಷ್ಯ ಹೊರಬಿತ್ತು. ಮುಖ್ಯ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್ ಮರುವಿಚಾರಣೆಗೆ ಒಪ್ಪಿದರು. ಹಿಂದೆ ತಾನೇ ಗುಲಾಮನಾಗಿದ್ದ ಒಲಾಡಾ ಎಕ್ವಿಯಾನೊ ಈ ಸುದ್ದಿಯನ್ನು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿದರು. ಕೊಲೆ ಮೊಕದ್ದಮೆ ಹೂಡಿಸಲು ಶಾರ್ಪ್ ಪಟ್ಟ ಪ್ರಯತ್ನ ಫಲಿಸಲಿಲ್ಲ. ನ್ಯಾಯಾಲಯದ ಮುಂದಿದ್ದದ್ದು ವಿಮೆಯ ವ್ಯಾಜ್ಯ ಮಾತ್ರ. ಆ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಐವತ್ತು ವರ್ಷಗಳ ನಂತರದ ಕಾಯ್ದೆಯೂ ಆ ಸೊತ್ತಿನ ವಾದವನ್ನು ಬಿಡಲಿಲ್ಲ. ಹಣ ಕೊಟ್ಟದ್ದೂ ಸಾಲದೆಂಬಂತೆ, 1834ರ ಆಗಸ್ಟ್ 1ರಂದು ಬಿಡುಗಡೆಯಾದವರಲ್ಲಿ ಆರು ವರ್ಷ ಮೀರಿದ ಎಲ್ಲರೂ ‘ಅಪ್ರೆಂಟಿಸ್’ ಹೆಸರಿನಲ್ಲಿ ಅದೇ ಮಾಲೀಕನ ತೋಟದಲ್ಲಿ ಸಂಬಳವಿಲ್ಲದೆ ದುಡಿಯಬೇಕೆಂದು ಕಾಯ್ದೆಯೇ ವಿಧಿಸಿತು. ಹೊಲದಾಳುಗಳಿಗೆ ಆರು ವರ್ಷ, ಉಳಿದವರಿಗೆ ನಾಲ್ಕು ವರ್ಷ.

ಕಬ್ಬಿನ ಸೀಮೆಯವನು:
ತಮ್ಮ ಆಕ್ರೋಶ ಅರ್ಥವಾಗುತ್ತದೆ, ಆದರೆ ಪರಿಹಾರ ಕೊಡದಿದ್ದರೆ ಆ ಕಾಯ್ದೆ ಪಾಸಾಗುತ್ತಲೇ ಇರಲಿಲ್ಲ. ವೆಸ್ಟ್ ಇಂಡೀಸಿನ ತೋಟಗಳಲ್ಲಿ ಹಣ ಹೂಡಿದವರು ಪಾರ್ಲಿಮೆಂಟಿನ ಎರಡೂ ಸದನಗಳಲ್ಲಿ ಕುಳಿತಿದ್ದರು. ಅವರನ್ನು ಒಪ್ಪಿಸದೆ ಇನ್ನೂ ಇಪ್ಪತ್ತು ವರ್ಷ ಕಾಯುವುದು ಮೇಲಾಗಿತ್ತೇ? ಅಮೆರಿಕದಲ್ಲಿ ಇಂಥ ಒಪ್ಪಂದ ಆಗದೆ ನಾಲ್ಕು ವರ್ಷ ಅಂತರ್ಯುದ್ಧ ನಡೆದು ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂಬುದನ್ನೂ ನೆನಪಿಡಬೇಕು.

ಗ್ರಂಥಾಲಯದ ಮೂಲೆ:
ಮಾಲೀಕರಿಗೆ ಕೊಟ್ಟದ್ದು ರಾಜಕೀಯದ ಅನಿವಾರ್ಯತೆ ಎಂದೇ ಒಪ್ಪೋಣ. ಹಾಗಿದ್ದರೂ ದುಡಿದವರಿಗೆ ಒಂದು ತುಂಡು ನೆಲವನ್ನಾದರೂ ಕೊಡಲು ಅಡ್ಡ ಬಂದದ್ದು ಯಾವುದು? ವೆಸ್ಟ್ ಇಂಡೀಸಿನ ಆ್ಯಂಟಿಗುವಾ ದ್ವೀಪ ಅಪ್ರೆಂಟಿಸ್ ಪದ್ಧತಿಯನ್ನು ಕೈಬಿಟ್ಟು 1834ರಲ್ಲೇ ಪೂರ್ಣ ಬಿಡುಗಡೆ ಕೊಟ್ಟಿತು, ಅಲ್ಲೇನೂ ಪ್ರಳಯವಾಗಲಿಲ್ಲ. ಆದ್ದರಿಂದ ‘ಬೇರೆ ದಾರಿ ಇರಲಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಥೇಮ್ಸ್ ದಂಡೆಯ ಕನ್ನಡಿಗ:
ನಾನು ಇಲ್ಲಿ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಆ ಎರಡು ಕೋಟಿ ಪೌಂಡ್ ಅಂದಿನ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು 40 ಶೇಕಡಾ ಆಗಿತ್ತು. ಅದರಲ್ಲಿ ಒಂದೂವರೆ ಕೋಟಿಯನ್ನು 1835ರಲ್ಲಿ ನೇಥನ್ ರಾಥ್ಸ್‌ಚೈಲ್ಡ್ ಮತ್ತು ಮೋಸೆಸ್ ಮಾಂಟೆಫಿಯೋರ್ ನೇತೃತ್ವದ ಲೇವಾದೇವಿಗಾರರಿಂದ ಸಾಲ ಎತ್ತಲಾಯಿತು. ಆ ಸಾಲ ಮುಂದೆ ಬೇರೆ ಬೇರೆ ಸರ್ಕಾರಿ ಸಾಲಪತ್ರಗಳಲ್ಲಿ ಬೆರೆತು ಹೋಗಿ ಪೂರ್ತಿ ತೀರಿದ್ದು 2015ರಲ್ಲಿ ಎಂದು ಬ್ರಿಟನ್ನಿನ ಖಜಾನೆ ಇಲಾಖೆಯೇ ಹೇಳಿದೆ. ಎಂದರೆ ಕೆರಿಬಿಯನ್ ದ್ವೀಪಗಳಿಂದ ಇಲ್ಲಿಗೆ ಬಂದು ನೆಲೆಸಿದ ಗುಲಾಮರ ಮರಿಮಕ್ಕಳು ತಮ್ಮ ತೆರಿಗೆಯಿಂದ ತಮ್ಮ ಹಿರಿಯರ ಒಡೆಯರಿಗೆ ಕೊಟ್ಟ ಪರಿಹಾರದ ಸಾಲವನ್ನು ತೀರಿಸಿದ್ದಾರೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಯಾರಿಗೆ ಎಷ್ಟು ಸಿಕ್ಕಿತು ಎಂಬ ವಿವರವನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು ಪರಿಹಾರ ಆಯೋಗದ ಕಡತಗಳಿಂದ ತೆಗೆದು ಎಲ್ಲರಿಗೂ ನೋಡಲು ಇಟ್ಟಿದ್ದಾರೆ. ಅದರಲ್ಲಿ ಪಾದ್ರಿಗಳಿದ್ದಾರೆ, ಒಬ್ಬಿಬ್ಬರು ಗುಲಾಮರನ್ನು ಬಾಡಿಗೆಗೆ ಬಿಟ್ಟು ಬದುಕುತ್ತಿದ್ದ ವಿಧವೆಯರಿದ್ದಾರೆ, ದೊಡ್ಡ ವರ್ತಕರೂ ಇದ್ದಾರೆ. ಲಿವರ್‌ಪೂಲಿನ ವರ್ತಕ ಜಾನ್ ಗ್ಲ್ಯಾಡ್‌ಸ್ಟನ್‌ಗೆ 2,508 ಗುಲಾಮರ ಲೆಕ್ಕದಲ್ಲಿ ಒಂದು ಲಕ್ಷ ಪೌಂಡಿಗೂ ಮಿಕ್ಕಿ ಹಣ ಬಂತು. ಮುಂದೆ ನಾಲ್ಕು ಸಲ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ ಇವರ ಮಗ.

ಗ್ರಂಥಾಲಯದ ಮೂಲೆ:
ಜಾನ್ ಗ್ಲ್ಯಾಡ್‌ಸ್ಟನ್ ಹೆಸರು ಬಂದದ್ದು ಒಳ್ಳೆಯದಾಯಿತು. ಮೇಷ್ಟ್ರ ಎರಡನೆಯ ಪ್ರಶ್ನೆಗೆ ಉತ್ತರ ಆತನ ತೋಟದಲ್ಲೇ ಇದೆ. ದಕ್ಷಿಣ ಅಮೆರಿಕದ ಡೆಮರಾರಾದಲ್ಲಿ, ಎಂದರೆ ಇಂದಿನ ಗಯಾನಾದಲ್ಲಿ, ‘ಸಕ್ಸೆಸ್’ ಎಂಬ ಹೆಸರಿನ ತೋಟ ಅವನದಾಗಿತ್ತು. 1823ರ ಆಗಸ್ಟಿನಲ್ಲಿ ಅಲ್ಲಿಂದಲೇ ಹತ್ತು ಸಾವಿರಕ್ಕೂ ಹೆಚ್ಚು ಗುಲಾಮರ ದಂಗೆ ಎದ್ದಿತು. ಲಂಡನ್ನಿನಿಂದ ಬಿಡುಗಡೆಯ ಆಜ್ಞೆ ಬಂದಿದೆ, ತೋಟದವರು ಅದನ್ನು ಮುಚ್ಚಿಟ್ಟಿದ್ದಾರೆ ಎಂಬ ಸುದ್ದಿ ಆಳುಗಳಲ್ಲಿ ಹರಡಿತ್ತು. ಮುಂದಾಳು ಜ್ಯಾಕ್ ಗ್ಲ್ಯಾಡ್‌ಸ್ಟನ್. ಒಡೆಯನ ಹೆಸರನ್ನೇ ಹೊತ್ತಿದ್ದ ಗುಲಾಮ. ಅವನ ತಂದೆ ಕ್ವಾಮಿನಾ ಬಡಗಿ, ಚರ್ಚಿನಲ್ಲಿ ಹಿರಿಯನಾಗಿದ್ದವನು, ರಕ್ತ ಹರಿಸಬೇಡಿ ಎಂದು ಬೇಡಿಕೊಂಡವನು. ಸೈನಿಕರು ಅವನನ್ನು ಗುಂಡಿಟ್ಟು ಕೊಂದು, ಹೆಣವನ್ನು ‘ಸಕ್ಸೆಸ್’ ತೋಟದ ಮುಂದಿನ ರಸ್ತೆಯಲ್ಲಿ ಸರಪಳಿಯಿಂದ ತೂಗುಹಾಕಿದರು. ದಂಗೆಗೆ ಕುಮ್ಮಕ್ಕು ಕೊಟ್ಟನೆಂದು ಮರಣದಂಡನೆಗೆ ಗುರಿಯಾದ ಪಾದ್ರಿ ಜಾನ್ ಸ್ಮಿತ್ ಜೈಲಿನಲ್ಲೇ ತೀರಿಕೊಂಡ. ಇಂಗ್ಲೆಂಡಿನ ಸಾಮಾನ್ಯ ಜನರ ಕಣ್ಣು ತೆರೆಸಿದ್ದು ಈ ಸುದ್ದಿ.

ಎಂಟು ವರ್ಷಗಳ ನಂತರ, 1831ರ ಕ್ರಿಸ್‌ಮಸ್ ಸಮಯದಲ್ಲಿ, ಜಮೈಕಾದಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಎಂಬ ಗುಲಾಮ ಧರ್ಮಬೋಧಕ ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ ಎಂಬ ಮುಷ್ಕರವನ್ನು ಯೋಜಿಸಿದ. ಅದು ದಂಗೆಯಾಗಿ ಹಬ್ಬಿ ಹತ್ತಾರು ಸಾವಿರ ಜನ ಸೇರಿದರು. ಸತ್ತ ಬಿಳಿಯರು 14 ಮಂದಿ. ಅದಕ್ಕೆ ಪ್ರತಿಯಾಗಿ ನೂರಾರು ಕರಿಯರನ್ನು ಗುಂಡಿಟ್ಟು ಕೊಂದರು, ವಿಚಾರಣೆಯ ಹೆಸರಿನಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಮರಣದಂಡನೆಗೆ ಗುರಿಮಾಡಿದರು. 1832ರ ಮೇ ತಿಂಗಳಲ್ಲಿ ಶಾರ್ಪ್‌ನನ್ನು ಮಾಂಟೆಗೊ ಬೇ ಪಟ್ಟಣದಲ್ಲಿ ನೇಣಿಗೇರಿಸಿದರು. ಮುಂದಿನ ವರ್ಷವೇ ಕಾಯ್ದೆ ಬಂತು. ಇದಕ್ಕೆಲ್ಲ ಮೊದಲೇ ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಗುಲಾಮರು 1791ರಲ್ಲಿ ಎದ್ದು, ಫ್ರಾನ್ಸಿನ ಸೈನ್ಯವನ್ನು ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರ ರಾಷ್ಟ್ರ ಕಟ್ಟಿದ್ದರು. ಆದ್ದರಿಂದ ವಿಲ್ಬರ್‌ಫೋರ್ಸ್ ಒಬ್ಬರೇ ಇದರ ರೂವಾರಿ ಎಂದು ಮಕ್ಕಳಿಗೆ ಕಲಿಸುವುದು ಸರಿಯಲ್ಲ.

ಅಘನಾಶಿನಿ:
ಹೈಟಿಯ ಪ್ರಸ್ತಾಪ ಬಂದ ಮೇಲೆ ಪರಿಹಾರದ ಮಾತನ್ನು ಅಲ್ಲಿಗೂ ಒಯ್ಯಬೇಕು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ತೋಟ ಮತ್ತು ಗುಲಾಮರ ಬೆಲೆಯಾಗಿ ಹೈಟಿ 15 ಕೋಟಿ ಫ್ರಾಂಕ್ ಕೊಡಬೇಕೆಂದು ಹೇರಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಅದನ್ನು ಕಟ್ಟಲು ಫ್ರಾನ್ಸಿನ ಬ್ಯಾಂಕುಗಳಿಂದಲೇ ಎತ್ತಿದ ಸಾಲ, ಸಾಲದ ಮೇಲಿನ ಬಡ್ಡಿ, ಎಲ್ಲ ಸೇರಿ ಹೊರೆ ಇಳಿದದ್ದು 1947ರಲ್ಲಿ. ಗೆದ್ದವರೇ ಸೋತವರಿಗೆ ತಲೆಮಾರುಗಟ್ಟಲೆ ಕಪ್ಪ ತೆತ್ತರು.

ವಾಣಿಜ್ಯ ಶಾಸ್ತ್ರದವರು:
ದಂಗೆ, ಕರುಣೆ ಎಲ್ಲವೂ ಇರಬಹುದು, ಆದರೆ ಮೂಲ ಕಾರಣ ಆರ್ಥಿಕವಾದುದು. ಟ್ರಿನಿಡಾಡಿನ ಇತಿಹಾಸಕಾರ, ಮುಂದೆ ಆ ದೇಶದ ಮೊದಲ ಪ್ರಧಾನಿಯಾದ ಎರಿಕ್ ವಿಲಿಯಮ್ಸ್ 1944ರಲ್ಲೇ ಇದನ್ನು ವಾದಿಸಿದರು. ಗುಲಾಮಗಿರಿಯ ಲಾಭ ಬ್ರಿಟನ್ನಿನ ಕೈಗಾರಿಕೆಗೆ ಬಂಡವಾಳವಾಯಿತು, ಕೈಗಾರಿಕೆ ಬೆಳೆದ ಮೇಲೆ ವೆಸ್ಟ್ ಇಂಡೀಸಿನ ಸಕ್ಕರೆ ದುಬಾರಿಯ ಹೊರೆಯಾಗಿ ಕಂಡಿತು, ಆಗ ಕೈಬಿಟ್ಟರು. ಮಾನವೀಯತೆಯ ಭಾಷೆ ಅದಕ್ಕೆ ಹೊದಿಸಿದ ಹೊದಿಕೆ ಎಂದೇ ನನ್ನ ಅಭಿಪ್ರಾಯ.

ಕಾನೂನು ವಿದ್ಯಾರ್ಥಿನಿ:
ಆ ವಾದದ ಮೊದಲ ಅರ್ಧಕ್ಕೆ ಈಗಲೂ ಬಲವಿದೆ. ಎರಡನೆಯ ಅರ್ಧವನ್ನು ನಂತರದ ಅನೇಕ ಇತಿಹಾಸಕಾರರು ಪ್ರಶ್ನಿಸಿದ್ದಾರೆ, ಏಕೆಂದರೆ 1807ರಲ್ಲಿ ಗುಲಾಮರ ವ್ಯಾಪಾರ ನಷ್ಟದಲ್ಲಿರಲಿಲ್ಲ. ಲಾಭದಲ್ಲಿದ್ದ ದಂಧೆಯೊಂದನ್ನು ನಿಲ್ಲಿಸಿದ್ದು ಲಾಭದ ಲೆಕ್ಕದಿಂದಲೇ ಎಂದು ಹೇಳಲು ಹೆಚ್ಚಿನ ಪುರಾವೆ ಬೇಕು.

ಜನಸಾಮಾನ್ಯರನ್ನೂ ತಾವು ಲೆಕ್ಕದಿಂದ ಬಿಟ್ಟಿದ್ದೀರಿ. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಮಿತಿ ಕಟ್ಟಿದ ಹನ್ನೆರಡು ಮಂದಿಯಲ್ಲಿ ಒಂಬತ್ತು ಜನ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಅಂದಿನ ಕಾನೂನಿನ ಪ್ರಕಾರ ಪಾರ್ಲಿಮೆಂಟಿಗೆ ಕಾಲಿಡಲಾಗದವರು. ಥಾಮಸ್ ಕ್ಲಾರ್ಕ್‌ಸನ್ ಕುದುರೆಯೇರಿ ಬಂದರಿನಿಂದ ಬಂದರಿಗೆ ಅಲೆದು, ನಾವಿಕರ ಸಾಕ್ಷ್ಯ ಬರೆದುಕೊಂಡು, ಲಿವರ್‌ಪೂಲಿನ ಅಂಗಡಿಯಲ್ಲಿ ಮಾರಾಟಕ್ಕಿದ್ದ ಕೈಕೋಳವನ್ನೂ, ಊಟ ಬಿಟ್ಟವರ ಬಾಯಿ ಬಲವಂತವಾಗಿ ತೆರೆಸುವ ಕಬ್ಬಿಣದ ಸಾಧನವನ್ನೂ ಕೊಂಡು ತಂದು ಜನರಿಗೆ ತೋರಿಸಿದರು. 1791ರ ಹೊತ್ತಿಗೆ ಲಕ್ಷಾಂತರ ಮನೆಮಂದಿ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಟ್ಟಿದ್ದರು. ಅಡುಗೆಮನೆಗೆ ಸಕ್ಕರೆ ತರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದವರು ಹೆಂಗಸರು. ಗಂಡಸರ ಸಂಘಗಳು ‘ಹಂತಹಂತವಾಗಿ’ ಎನ್ನುತ್ತಿದ್ದಾಗ ‘ಈಗಲೇ’ ಎಂದು 1824ರಲ್ಲಿ ಬರೆದವರು ಲೆಸ್ಟರ್ ಪಟ್ಟಣದ ಎಲಿಜಬೆತ್ ಹೇರಿಕ್. 1833ರಲ್ಲಿ 1,87,000 ಮಹಿಳೆಯರು ಸಹಿ ಹಾಕಿದ ಒಂದೇ ಮನವಿಯನ್ನು ನಾಲ್ವರು ಸದಸ್ಯರು ಹೊತ್ತು ಸದನಕ್ಕೆ ತಂದರು. ಇವರೆಲ್ಲರನ್ನೂ ಹೊದಿಕೆ ಎಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ.

ವಾಣಿಜ್ಯ ಶಾಸ್ತ್ರದವರು:
ನಾನು ಅವರ ಪ್ರಾಮಾಣಿಕತೆಯನ್ನು ಅಲ್ಲಗಳೆದಿಲ್ಲ. ಅವರ ಮಾತಿಗೆ ಪಾರ್ಲಿಮೆಂಟು ಕಿವಿಗೊಟ್ಟದ್ದು ಆ ಕಾಲದಲ್ಲೇ ಏಕೆ ಎಂಬುದಷ್ಟೇ ನನ್ನ ಪ್ರಶ್ನೆ.

ನಿತ್ಯ ಓದುಗ:
ಎಲ್ಲರೂ ಯುರೋಪಿನವರನ್ನೇ ಬೈಯುತ್ತಿದ್ದೀರಿ. ಆಫ್ರಿಕನ್ನರನ್ನು ಹಿಡಿದು ಮಾರಿದವರು ಆಫ್ರಿಕದ ರಾಜರೇ ಅಲ್ಲವೇ?

ಅಘನಾಶಿನಿ:
ಪಶ್ಚಿಮ ಆಫ್ರಿಕದ ದಹೋಮಿ, ಅಸಾಂಟೆ ಮುಂತಾದ ರಾಜ್ಯಗಳು ಯುದ್ಧಕೈದಿಗಳನ್ನು ಮಾರಿದ್ದು ನಿಜ, ಅದನ್ನು ಯಾವ ಇತಿಹಾಸಕಾರರೂ ಮುಚ್ಚಿಟ್ಟಿಲ್ಲ. ಆದರೆ ನಾಲ್ಕು ಶತಮಾನಗಳಲ್ಲಿ ಸುಮಾರು ಒಂದೂಕಾಲು ಕೋಟಿ ಜನರನ್ನು ಅಟ್ಲಾಂಟಿಕ್ ಹಡಗುಗಳಿಗೆ ಹತ್ತಿಸಿದ, ದಾರಿಯಲ್ಲೇ ಹದಿನೆಂಟು ಲಕ್ಷ ಜನರನ್ನು ಕೊಂದ ವ್ಯವಸ್ಥೆಗೆ ಬೇಡಿಕೆ, ಬಂಡವಾಳ, ಬಂದೂಕು, ವಿಮೆ ಎಲ್ಲವೂ ಬಂದದ್ದು ಯುರೋಪಿನಿಂದ ಮತ್ತು ಅಮೆರಿಕದ ತೋಟಗಳಿಂದ.

ಈ ಜಾಲ ನಮ್ಮ ಸಮುದ್ರದವರೆಗೂ ಚಾಚಿತ್ತು. ಪಶ್ಚಿಮ ಆಫ್ರಿಕದಲ್ಲಿ ಗುಲಾಮರಿಗೆ ಬೆಲೆಯಾಗಿ ಎಣಿಸಿ ಕೊಟ್ಟ ಕವಡೆಗಳು ಮಾಲ್ಡೀವ್ಸ್‌ನಿಂದ ಹೋದವು. ಜೊತೆಗೆ ಕೊಟ್ಟ ಬಟ್ಟೆಯಲ್ಲಿ ದೊಡ್ಡ ಪಾಲು ಕೋರಮಂಡಲ ಮತ್ತು ಗುಜರಾತಿನ ನೇಕಾರರ ಮಗ್ಗಗಳಲ್ಲಿ ನೇಯ್ದದ್ದು. ಪೂರ್ವ ಆಫ್ರಿಕದ ಜಾಂಜಿಬಾರ್ ಮತ್ತು ಮೊಜಾಂಬಿಕ್ಕಿನ ಗುಲಾಮರ ವ್ಯಾಪಾರಕ್ಕೆ ಕಚ್ಛ್ ಮತ್ತು ಗುಜರಾತಿನ ವರ್ತಕರು ಸಾಲ ಕೊಟ್ಟಿದ್ದರು. ಬ್ರಿಟಿಷರ ಒತ್ತಡಕ್ಕೆ ಮಣಿದು ಸುಲ್ತಾನ ಬರ್ಗಾಶ್ ಜಾಂಜಿಬಾರಿನ ಗುಲಾಮರ ಸಂತೆಯನ್ನು ಮುಚ್ಚಿಸಿದ್ದು 1873ರಲ್ಲಿ.

ನಿತ್ಯ ಓದುಗ:
ಆದರೂ ಭಾರತದಲ್ಲಿ ಆಫ್ರಿಕದ ಗುಲಾಮರಿಗೆ ಮೇಲೇರಲು ಅವಕಾಶವಿತ್ತು. ಇಥಿಯೋಪಿಯಾದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರವನ್ನೇ ಆಳಿದ. ನಮ್ಮ ಶಿರಾದಲ್ಲಿ ಮಲಿಕ್ ರಿಹಾನನ ಗೋರಿ ಇದೆ, ಬಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಇದ್ದ. ಅಮೆರಿಕದಲ್ಲಿ ಇದನ್ನು ಊಹಿಸಲೂ ಆಗುವುದಿಲ್ಲ.

ಯಲ್ಲಾಪುರದವನು:
ನಾನು ಸಿದ್ದಿ ಸಮುದಾಯದವನು. ಮಲಿಕ್ ಅಂಬರನ ಹೆಸರು ಕೇಳಿದರೆ ನನಗೂ ಹೆಮ್ಮೆಯೇ. ಆದರೆ ಸೈನ್ಯಕ್ಕೆ ಸೇರಿ ಮೇಲೆ ಬಂದ ಬೆರಳೆಣಿಕೆಯ ಮಂದಿಯ ಕಥೆಯಿಂದ ಉಳಿದವರ ಬದುಕನ್ನು ಅಳೆಯಬಾರದು. ನಮ್ಮಲ್ಲಿ ಅನೇಕರ ಹಿರಿಯರನ್ನು ಪೋರ್ಚುಗೀಸರು ಮೊಜಾಂಬಿಕ್ಕಿನಿಂದ ಗೋವಾಕ್ಕೆ ತಂದರು. ಅಲ್ಲಿ ಅವರು ಪಲ್ಲಕ್ಕಿ ಹೊತ್ತರು, ನೀರು ಹೊತ್ತರು, ಕೊಡೆ ಹಿಡಿದರು, ಹೊಡೆತ ತಿಂದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಯ ಕಾಡು ಸೇರಿದರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ನಮ್ಮಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂವರೂ ಇದ್ದೇವೆ. ನನ್ನ ಅಜ್ಜಿ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾ ಹಾಡುತ್ತಿದ್ದರು, ಡಮಾಮಿ ಬಡಿದರೆ ಊರೇ ಕುಣಿಯುತ್ತಿತ್ತು; ನಾವು ಎಲ್ಲಿಂದ ಬಂದವರೆಂದು ಕೇಳಿದರೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ.

ಬಸ್ಸಿನಲ್ಲಿ ಇಂದಿಗೂ ನನ್ನನ್ನು "ಯಾವ ದೇಶದವರು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಕನ್ನಡದಲ್ಲಿ ಉತ್ತರಿಸಿದರೆ ಬೆರಗಾಗುತ್ತಾರೆ. ಉತ್ತರ ಕನ್ನಡದ ನಮ್ಮವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಧಾರವಾಡ ಮತ್ತು ಬೆಳಗಾವಿಯವರು ಸೇರಿದ್ದು 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಹಾಸನದ ಮೇಷ್ಟ್ರು:
ಯಲ್ಲಾಪುರದ ಸ್ನೇಹಿತರೇ, ತಾವು ಬರೆದುದಕ್ಕೆ ಕೃತಜ್ಞ. ಪೋರ್ಚುಗೀಸರು ಗುಲಾಮಗಿರಿಯನ್ನು ಕಾನೂನಿನಿಂದ ಯಾವಾಗ ನಿಲ್ಲಿಸಿದರು?

ಗ್ರಂಥಾಲಯದ ಮೂಲೆ:
ಅವರದೂ ಕಂತಿನ ಬಿಡುಗಡೆಯೇ. 1761ರಲ್ಲಿ ಮಂತ್ರಿ ಪೊಂಬಾಲ್ ಪೋರ್ಚುಗಲ್ ನೆಲಕ್ಕೆ ಹೊಸ ಗುಲಾಮರನ್ನು ತರುವುದನ್ನು ನಿಲ್ಲಿಸಿದರು, ಆದರೆ ಅದು ವಸಾಹತುಗಳಿಗೆ ಅನ್ವಯಿಸಲಿಲ್ಲ. 1836ರಲ್ಲಿ ವಸಾಹತುಗಳಿಂದ ಗುಲಾಮರ ರಫ್ತು ನಿಷೇಧವಾಯಿತು. 1869ರಲ್ಲಿ ಗುಲಾಮಗಿರಿಯನ್ನೇ ರದ್ದುಮಾಡಿದಾಗಲೂ ಬಿಡುಗಡೆಯಾದವರು 1878ರವರೆಗೆ ಹಳೆಯ ಒಡೆಯನಿಗೇ ದುಡಿಯಬೇಕೆಂದು ಷರತ್ತು ಹಾಕಿದರು. ಬ್ರಿಟನ್ನಿನ ಅಪ್ರೆಂಟಿಸ್ ಪದ್ಧತಿಯ ತದ್ರೂಪು.

ಆ ಪದ್ಧತಿ ಎಷ್ಟು ಕ್ರೂರವಾಗಿತ್ತೆಂದು ಮೇಲೆ ಯಾರೂ ವಿವರಿಸಿಲ್ಲ. ಅಪ್ರೆಂಟಿಸನನ್ನು ಮಾಲೀಕನೇ ಹೊಡೆಯುವಂತಿಲ್ಲ ಎಂದಾದಾಗ ಜಮೈಕಾದಲ್ಲಿ ಆಳುಗಳನ್ನು ಸೆರೆಮನೆಗೆ ಕಳುಹಿಸಿ ಅಲ್ಲಿ ದಂಡಿಸತೊಡಗಿದರು. ಅಲ್ಲಿ ಮೆಟ್ಟಿಲುಗಳಿರುವ ದೊಡ್ಡ ಮರದ ಉರುಳೆ ಇರುತ್ತಿತ್ತು. ಮೇಲಿನ ಅಡ್ಡಪಟ್ಟಿಗೆ ಮಣಿಕಟ್ಟುಗಳನ್ನು ಬಿಗಿದು, ತಿರುಗುವ ಉರುಳೆಯನ್ನು ತುಳಿಯುತ್ತಲೇ ಇರುವಂತೆ ಮಾಡುತ್ತಿದ್ದರು. ಸುಸ್ತಾಗಿ ಕಾಲು ತಪ್ಪಿದವರು ಮಣಿಕಟ್ಟಿನಲ್ಲಿ ನೇತಾಡುವಾಗ ತಿರುಗುವ ಮೆಟ್ಟಿಲುಗಳು ಮೊಣಕಾಲಿನ ಕೆಳಗಿನ ಎಲುಬಿಗೆ ಒಂದೊಂದಾಗಿ ಬಡಿಯುತ್ತಿದ್ದವು. ಗರ್ಭಿಣಿಯರನ್ನೂ ಬಿಡಲಿಲ್ಲ. ಜೇಮ್ಸ್ ವಿಲಿಯಮ್ಸ್ ಎಂಬ ಅಪ್ರೆಂಟಿಸ್ ಯುವಕ ಇಂಗ್ಲೆಂಡಿಗೆ ಬಂದು 1837ರಲ್ಲಿ ಇದನ್ನೆಲ್ಲ ಹೇಳಿ ಬರೆಸಿದ ಮೇಲೆ ಎದ್ದ ಜನಾಕ್ರೋಶದಿಂದ, 1840ರವರೆಗೆ ನಡೆಯಬೇಕಿದ್ದ ಪದ್ಧತಿ 1838ರ ಆಗಸ್ಟ್ 1ರಂದೇ ಕೊನೆಗೊಂಡಿತು. ಪೂರ್ಣ ಬಿಡುಗಡೆಯ ದಿನಾಂಕವಾಗಿ ಕಲಿಸಬೇಕಾದದ್ದು ಇದನ್ನು.

ಥೇಮ್ಸ್ ದಂಡೆಯ ಕನ್ನಡಿಗ:
ಅದೇ 1838ರ ಮೇ 5ರಂದು ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಹಡಗುಗಳು ಕಲ್ಕತ್ತೆಯಿಂದ ಸುಮಾರು 400 ಭಾರತೀಯ ಕರಾರು ಕೂಲಿಗಳನ್ನು ಗಯಾನಾಕ್ಕೆ ತಂದು ಇಳಿಸಿದವು. ಅವರನ್ನು ಕಳುಹಿಸಿಕೊಡಿ ಎಂದು 1836ರಲ್ಲಿ ಕಲ್ಕತ್ತೆಯ ಒಂದು ವ್ಯಾಪಾರಿ ಕಂಪನಿಗೆ ಪತ್ರ ಬರೆದವರು ಮತ್ತದೇ ಜಾನ್ ಗ್ಲ್ಯಾಡ್‌ಸ್ಟನ್. ಆ ಕೂಲಿಗಳಲ್ಲಿ ಬಹಳಷ್ಟು ಮಂದಿ ಛೋಟಾ ನಾಗಪುರದ ಬುಡಕಟ್ಟುಗಳ ಜನ. ಅಪ್ರೆಂಟಿಸರು ಕೈತಪ್ಪುವ ಮೊದಲೇ ಅಗ್ಗದ ಆಳು ಸಿದ್ಧವಾಗಿತ್ತು. 2023ರಲ್ಲಿ ಗ್ಲ್ಯಾಡ್‌ಸ್ಟನ್ನನ ವಂಶಸ್ಥರು ಗಯಾನಾಕ್ಕೆ ಹೋಗಿ ಕ್ಷಮೆ ಕೇಳಿದರು.

ಕಬ್ಬಿನ ಸೀಮೆಯವನು:
ಮಾಲೀಕರಿಗೆ ಪರಿಹಾರ ಕೊಡದೆಯೇ ರದ್ದು ಮಾಡಿದ ದೇಶವಿದ್ದರೆ ಹೇಳಿ, ಹೋಲಿಸಿ ನೋಡೋಣ.

ಕಾನೂನು ವಿದ್ಯಾರ್ಥಿನಿ:
ಬ್ರೆಜಿಲ್. ಆಫ್ರಿಕದಿಂದ ಅತಿ ಹೆಚ್ಚು ಗುಲಾಮರನ್ನು, 48 ಲಕ್ಷದಷ್ಟು ಜನರನ್ನು, ತಂದ ನಾಡು. ಅಮೆರಿಕ ಖಂಡಗಳಲ್ಲಿ ಕೊನೆಗೆ ಬಿಟ್ಟ ನಾಡೂ ಅದೇ. 1881ರಲ್ಲಿ ಫೋರ್ಟಲೆಜಾ ಬಂದರಿನ ತೆಪ್ಪದವರು, ಫ್ರಾನ್ಸಿಸ್ಕೊ ಜೋಸೆ ದೊ ನಾಸಿಮೆಂಟೊ ಮುಂದಾಳತ್ವದಲ್ಲಿ, ಗುಲಾಮರನ್ನು ಹಡಗಿಗೆ ಸಾಗಿಸುವುದಿಲ್ಲ ಎಂದು ಹಟ ಹಿಡಿದು ಬಂದರಿನಲ್ಲಿ ಆ ಸಾಗಾಟವನ್ನೇ ನಿಲ್ಲಿಸಿದರು. ಆ ಬಂದರಿದ್ದ ಸಿಯಾರಾ ಪ್ರಾಂತ್ಯ 1884ರಲ್ಲೇ ಗುಲಾಮಗಿರಿಯನ್ನು ತೆಗೆದುಹಾಕಿತು. 1887ರ ಹೊತ್ತಿಗೆ ಸಾವೊ ಪೌಲೊದ ಕಾಫಿ ತೋಟಗಳಿಂದ ಜನ ಗುಂಪುಗುಂಪಾಗಿ ನಡೆದು ಹೋಗುತ್ತಿದ್ದರು, ಅವರನ್ನು ಹಿಡಿಯುವ ಕೆಲಸ ನಮಗೆ ಬೇಡವೆಂದು ಸೈನ್ಯದ ಅಧಿಕಾರಿಗಳೇ ಮನವಿ ಕೊಟ್ಟರು. 1888ರ ಮೇ 13ರಂದು ರಾಜಕುಮಾರಿ ಇಸಾಬೆಲ್ ಸಹಿ ಹಾಕಿದ ಕಾಯ್ದೆಯಲ್ಲಿ ಇದ್ದದ್ದು ಎರಡೇ ವಿಧಿಗಳು, ಮಾಲೀಕರಿಗೆ ಪರಿಹಾರ ಇರಲಿಲ್ಲ. ಬಿಡುಗಡೆಯಾದವರಿಗೂ ನೆಲವಾಗಲಿ ಶಾಲೆಯಾಗಲಿ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಹಾಸನದ ಮೇಷ್ಟ್ರು:
ಇನ್ನೊಂದು ಸಂದೇಹ. 1833ರ ಕಾಯ್ದೆ ಭಾರತಕ್ಕೂ ಅನ್ವಯಿಸಿತೇ?

ಕಾನೂನು ವಿದ್ಯಾರ್ಥಿನಿ:
ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ನೆಲ, ಸಿಲೋನ್, ಸೇಂಟ್ ಹೆಲೆನಾ ಈ ಮೂರನ್ನು ಅದು ಹೆಸರಿಸಿಯೇ ಹೊರಗಿಟ್ಟಿತು. ಭಾರತಕ್ಕೆ 1843ರ ಐದನೆಯ ಕಾಯ್ದೆ ಬಂತು. ಅದು ಯಾರನ್ನೂ ನೇರವಾಗಿ ಬಿಡುಗಡೆ ಮಾಡಲಿಲ್ಲ; ಒಬ್ಬನು ನನ್ನ ಗುಲಾಮ ಎಂಬ ಹಕ್ಕನ್ನು ಇನ್ನು ಮುಂದೆ ಯಾವ ನ್ಯಾಯಾಲಯವೂ ಮನ್ನಿಸುವುದಿಲ್ಲ ಎಂದಿತು. ಗುಲಾಮರನ್ನಾಗಿ ಮನುಷ್ಯರನ್ನು ಕೊಳ್ಳುವುದು, ಮಾರುವುದು ಅಪರಾಧವಾದದ್ದು 1860ರ ದಂಡ ಸಂಹಿತೆಯ 370ನೆಯ ಕಲಮಿನಿಂದ. ಕೆನರಾ ಜಿಲ್ಲೆಯ ಮೂಲದಾಳುಗಳ, ಎಂದರೆ ತಲೆಮಾರುಗಳಿಂದ ಒಡೆಯನ ಜೀತಕ್ಕಿದ್ದವರ, ವಿಷಯ ಇಲ್ಲಿಗೆ ಸೇರುತ್ತದೆ, ಆದರೆ ಅದಕ್ಕೆ ಬೇರೆಯೇ ಚರ್ಚೆ ಬೇಕು.

ಯಲ್ಲಾಪುರದವನು:
ಗೋವಾ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ನಮ್ಮ ಹಿರಿಯರಿಗೆ ಈ ಎರಡೂ ಕಾಯ್ದೆಗಳ ಆಸರೆ ಅಲ್ಲಿ ಸಿಗಲಿಲ್ಲ, ಘಟ್ಟದ ಮೇಲಿನ ಕಾಡೇ ಅವರಿಗೆ ಆಸರೆಯಾಯಿತು. ಪಣಜಿಯ ಪತ್ರಾಗಾರದಲ್ಲಿ ಗುಲಾಮರ ವಿಮೋಚನಾ ಪತ್ರಗಳ ಕಡತಗಳಿವೆ, ಅವು ಪೋರ್ಚುಗೀಸಿನಲ್ಲಿವೆ. ನಮ್ಮ ಹುಡುಗರು ಕೆಲವರು ಅವನ್ನು ಓದಿ, ಹೆಸರು ಮತ್ತು ಊರುಗಳನ್ನು ಕನ್ನಡದಲ್ಲಿ ಬರೆದಿಡಬೇಕೆಂದು ಹೊರಟಿದ್ದಾರೆ. ಹಳೆಯ ಪೋರ್ಚುಗೀಸ್ ಕೈಬರಹ ಓದಬಲ್ಲವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನನಗೆ ಸಂದೇಶ ಕಳುಹಿಸಿ.